ದಕ್ಷಿಣಕ್ಕೆ ತಿರುಗಿದ ಸೋಲಾರ್

ನಲ್ಲಿ ತಿರುಗಿಸಿದೆ, ನೀರು ಕಚ್ಚಿತು. ನೀರು ಇಷ್ಟು ತಣ್ಣಗೂ ಇರಬಹುದೆಂದು ರಾಯಚೂರಿನವಳಾದ ನನಗೆ ಗೊತ್ತಾದದ್ದು ಗವಿಪುರದ ಆ ಮೊದಲ ಬೆಳಗ್ಗೆ. ನಮ್ಮಲ್ಲಿ ಬೇಸಿಗೆಯಲ್ಲಿ ಸುಡುವ ನಲ್ಲಿಯ ನೀರಿಗೇ ಕೊಡದಲ್ಲಿಟ್ಟ ತಣ್ಣೀರು ಬೆರೆಸಿ ಮೀಯುತ್ತೇವೆ ಎಂದರೆ ಇಲ್ಲಿ ಯಾರೂ ನಂಬುವುದಿಲ್ಲ.

ಗಂಡನಿಗೆ ಬೆಂಗಳೂರಿಗೆ ವರ್ಗವಾದಾಗ ನಾನು ತುಂಬು ಬಸುರಿ. ಅವ್ವ ಆ ಬೇಸಿಗೆಯಲ್ಲೇ ತೀರಿಕೊಂಡಿದ್ದಳು. ಬಾಣಂತನಕ್ಕೆ ಹೋಗೋಣವೆಂದರೆ ತವರಿನಲ್ಲಿ ಯಾರೂ ಇರಲಿಲ್ಲ.

"ನಾನಿದೀನಲ್ಲ, ಎಣ್ಣೆನೀರು ನಾನು ಹಾಕ್ತೀನಿ" ಎಂದರು ಕೆಳಗಿನ ಮನೆಯಲ್ಲಿದ್ದ ನಮ್ಮ ಓನರು ಸರಸಮ್ಮ. ನನ್ನ ಮಾತಿಗೆ ಅವರು ನಗುತ್ತಿದ್ದರು. "ನೀನು ಹೌದ್ರಿ ಅಂದ್ರೂ ಜಗಳಕ್ಕೆ ಬಂದ ಹಾಗಿರತ್ತೆ ಕಣೇ."

ನಾವು ಮಾಳಿಗೆ ಎನ್ನುವುದು ಇಲ್ಲಿ ತಾರಸಿ. ತಾರಸಿಗೊಂದು ‘ಸೋಲಾರ್’: ಬಿಸಿಲಿಗೆ ಓರೆಯಾಗಿ ಕೂರಿಸಿದ ಗಾಜಿನ ಪೆಟ್ಟಿಗೆ, ಅದರ ಮೇಲೆ ನೀರಿನ ಟ್ಯಾಂಕು. ಬಿಸಿಲಿಗೆ ಹೆದರಿ ಬಾಗಿಲು ಹಾಕಿಕೊಳ್ಳುವ ಊರಿನವಳಿಗೆ, ಬಿಸಿಲನ್ನು ಹೀಗೆ ಹಿಡಿದಿಡುವುದು ವಿಚಿತ್ರವಾಗಿ ಕಂಡಿತು. ಸರಸಮ್ಮ ತಮ್ಮದನ್ನು ಹಟಹಿಡಿದು ಪೂರ್ವಕ್ಕೆ ಮುಖ ಮಾಡಿಸಿದ್ದರು.

ಮಗಳು ಹುಟ್ಟಿದ್ದು ಮಾರ್ಗಶಿರದ ಚಳಿಯಲ್ಲಿ. ಬಾಣಂತಿಯ ಬೆನ್ನಿಗೆ ಸುಡುವ ನೀರು ಹಂಡೆಗಟ್ಟಲೆ ಬೀಳಬೇಕು. ಸೋಲಾರಿನ ಮೊದಲ ಬಕೆಟ್ಟು ಬೆಚ್ಚಗೆ, ಎರಡನೆಯದು ಉಗುರುಬೆಚ್ಚಗೆ. ಗೀಸರ್ ಹಾಕಿದರೆ ಬಿಲ್ಲು ಏರುತ್ತಿತ್ತು. ಎಷ್ಟೋ ಬೆಳಗ್ಗೆ ಕರೆಂಟೇ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಗುವಿನ ಬಟ್ಟೆ ಒಣಹಾಕುವಾಗ ನೋಡಿದೆ. ಅಕ್ಕಪಕ್ಕದ ಗಾಜುಗಳೆಲ್ಲ ಹೊಳೆಯುತ್ತಿದ್ದವು. ನಮ್ಮದು ಮಾತ್ರ ಬಿಸಿಲಿಗೆ ಪಕ್ಕೆ ಕೊಟ್ಟು ಕೂತಿತ್ತು.

"ಅಮ್ಮಾರ, ಚಳಿಗಾಲದಾಗ ಬಿಸಿಲು ಇರೋದು ದಕ್ಷಿಣಕ್ಕರಿ. ನಮ್ಮೂರಾಗ ಈಗ ನೆರಳು ಬೇಕಂದ್ರ ಮನಿ ಗ್ವಾಡಿ ಉತ್ತರಕ್ಕ ಹೊರಸು ಹಾಕ್ಕೊಂಡು ಮಲಗ್ತೀವಿ. ಇದನ್ನೂ ದಕ್ಷಿಣಕ್ಕ ತಿರುಗಿಸಬೇಕ್ರಿ."

ಸರಸಮ್ಮ ಗಾಬರಿಯಾದರು. "ಬಿಡ್ತು ಅನ್ನು! ಅದು ಯಮನ ದಿಕ್ಕು. ಹಸುಗೂಸು ಇರೋ ಮನೇಲಿ ಆ ಕಡೆ ಮುಖ ಮಾಡಿಸ್ತಾರೇನೇ?"

ತವರಾಗಿದ್ದರೆ ವಾದಿಸುತ್ತಿದ್ದೆ.

ಮೋಡ ಕವಿದಿದ್ದ ದಿನದ ಮರುದಿನ, ಕರೆಂಟಿಲ್ಲದ ಬೆಳಗ್ಗೆ, ತಲೆಗೆ ಸೀಗೆಪುಡಿ ಹಚ್ಚಿಕೊಂಡಿದ್ದಾಗಲೇ ನೀರು ತಣ್ಣಗಾಯಿತು. ಹಲ್ಲು ಕಟಕಟ ಎನ್ನುವಂತೆ ನಡುಗಿದೆ. ಸರಸಮ್ಮ ಚೊಂಬು ಬಿಟ್ಟು, ತಮ್ಮ ಸೀರೆ ಒದ್ದೆಯಾಗುವುದನ್ನೂ ನೋಡದೆ ನನ್ನನ್ನು ಅವುಚಿ ಹಿಡಿದರು. ಆ ಸಂಜೆಯೇ ಪ್ಲಂಬರ್ ತಾರಸಿಯ ಮೇಲಿದ್ದ. ಸರಸಮ್ಮನ ಕೈಯಲ್ಲಿ ಪಂಚಾಂಗ.

"ದಕ್ಷಿಣಾಯನ ಅಂತ ದಿನಾ ಓದ್ತೀನಿ, ತಲೆಗೇ ಹೋಗಿಲ್ಲ ನೋಡು. ಸೂರ್ಯನೇ ಆ ಕಡೆ ಹೋಗಿ ಕೂತಿದಾನೆ. ಅವನಿಗಿಲ್ಲದ ಮಡಿ ನಂಗ್ಯಾಕೆ? ತಿರುಗಿಸಪ್ಪಾ!" ಆದರೂ ತಿರುಗಿಸುವ ಮೊದಲು ಪೆಟ್ಟಿಗೆಯ ಮೂಲೆಗೆ ಕುಂಕುಮ ಇಟ್ಟರು.

ಎರಡು ದಿನ ಒಳ್ಳೆಯ ಬಿಸಿಲು ಬಿತ್ತು. ಮೂರನೆಯ ಬೆಳಗ್ಗೆ ಗೀಸರಿನ ಸ್ವಿಚ್ಚು ಮುಟ್ಟದೆಯೇ ಬಚ್ಚಲು ಹಬೆಯಿಂದ ತುಂಬಿತು. ಬೆನ್ನಿಗೆ ನೀರು ಬಿದ್ದಾಗ ನಮ್ಮೂರಿನ ಬಿಸಿಲೇ ಬಿದ್ದಂತಾಯಿತು. ಕಣ್ಣು ಮುಚ್ಚಿದ್ದೆ. ಮತ್ತೊಂದು ಚೊಂಬು, ಇನ್ನೊಂದು. ತಾಳಲಾಗಲಿಲ್ಲ.

"ಸಾಕು ಬಿಡವ್ವಾ" ಎಂದುಬಿಟ್ಟೆ.

ಆ ಮಾತು ಯಾರನ್ನು ಕರೆಯಿತೋ, ಇಷ್ಟು ವರ್ಷಗಳಾದರೂ ನನಗೆ ಗೊತ್ತಿಲ್ಲ. ಓಗೊಟ್ಟವರು ಸರಸಮ್ಮ.

"ತಡ್ಕೋ ಮಗಳೇ, ಇನ್ನೂ ಇದೆ."