ಭರಣಿಗೆ ಬಂದ ಬೂಷ್ಟು

ನಾನು ಮದುವೆಯಾಗಿ ಪುತ್ತೂರಿಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಕಬಕದ ಕಡೆಗೆ ಹೋಗುವ ರಸ್ತೆಯಲ್ಲಿ, ಪೇಟೆ ಮುಗಿಯುವಲ್ಲಿ ನಮ್ಮ ಮನೆ. ಮನೆ ಸಣ್ಣದು, ಅದರ ಹೆಸರು ಮಾತ್ರ ದೊಡ್ಡದು. ಅತ್ತೆ ಹಾಕಿದ ಮಾವಿನ ಮಿಡಿ ಉಪ್ಪಿನಕಾಯಿ ಪುತ್ತೂರಿನ ಹೋಟೆಲಿಗೆ ಹೋಗುತ್ತಿತ್ತು, ಬಸ್ಸಿನ ಮೇಲೆ ಹತ್ತಿ ಸುಳ್ಯದ ಅಂಗಡಿಗೂ ಹೋಗುತ್ತಿತ್ತು. ಊಟಕ್ಕೆ ಕೂತವರು ಎಲೆಯ ತುದಿಯ ಮಿಡಿಯನ್ನು ಚೀಪಿ, "ಇದು ಅವರದ್ದೇ" ಎನ್ನುತ್ತಿದ್ದರಂತೆ. ಹೋಟೆಲಿನ ಯಜಮಾನರು ಬಂದು ಹಾಗೆ ಹೇಳಿದರೆ ಅತ್ತೆ ನಗುತ್ತಿರಲಿಲ್ಲ. ಸೆರಗನ್ನು ಸರಿಮಾಡಿಕೊಳ್ಳುತ್ತಿದ್ದರು, ಅಷ್ಟೆ. ಅವರು ಖುಷಿಪಡುವ ರೀತಿಯೇ ಅದು.

ಅಡಿಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಭರಣಿಗಳು ಸಾಲಾಗಿ ಕೂತಿದ್ದವು. ಅಲ್ಲಿ ಅತ್ತೆಯ ಕಾನೂನು ಒಂದೇ: ನೀರಿನ ಪಸೆ ಕೂಡದು. ಭರಣಿಯನ್ನು ತೊಳೆದು, ಬಿಸಿಲಿಗೆ ಕವುಚಿ ಹಾಕಿ ಒಣಗಿಸಿ, ಕೆಂಡದ ಮೇಲೆ ಇಂಗು ಉದುರಿಸಿ ಅದರ ಹೊಗೆಯನ್ನು ಒಳಗೆ ಹಿಡಿಸಬೇಕು. ಉಪ್ಪುನೀರನ್ನು ಕುದಿಸಿ, ಪೂರ್ತಿ ಆರಿದ ಮೇಲೆಯೇ ಹೊಯ್ಯಬೇಕು. ಮರದ ಸೌಟು ಒಲೆಯ ಮೇಲಿನ ಅಟ್ಟದಿಂದ ಇಳಿದು ಬಂದು, ಕೆಲಸ ಮುಗಿಸಿ ಅಲ್ಲಿಗೇ ಹಿಂದಿರುಗಬೇಕು. ಈಗಿನವರು ಕ್ರಿಮಿ, ಸೋಂಕು ಎಂದು ಹೇಳುವುದನ್ನೆಲ್ಲ ಅತ್ತೆ ಪಸೆ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಮದುವೆಯಾದ ವರ್ಷದ ಬೇಸಗೆಯಲ್ಲಿ ನಾನು ಅವರ ಜೊತೆ ಕೂತು ಮಿಡಿ ಆರಿಸಿದೆ, ಉಪ್ಪು ಹಾಕಿದೆ, ಸಾಸಿವೆ ಅರೆದೆ. ಅಡಿಗೆಯಲ್ಲಿ ನಾನು ಅಷ್ಟಕ್ಕಷ್ಟೆ, ಆದರೆ ಈ ಕೆಲಸ ನನಗೆ ಹಿಡಿಸಿಬಿಟ್ಟಿತು. ಮೊದಲ ಸಲ ಆ ಮನೆ ನನ್ನದು ಅನ್ನಿಸಿದ್ದು ಆ ಕೋಣೆಯಲ್ಲಿ.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಹೋಟೆಲಿನ ಯಜಮಾನರು ಭರಣಿ ಹಿಡಿದುಕೊಂಡು ಬಂದರು. ಮುಖ ಸಣ್ಣದಾಗಿತ್ತು.

"ತಿಂದ ಇಬ್ಬರಿಗೆ ವಾಂತಿ ಆಗಿದೆ ಅಮ್ಮ. ಇದರದ್ದೋ, ಬೇರೆ ಎಂತದ್ದೋ, ನನಗೆ ಗೊತ್ತಿಲ್ಲ. ಆದ್ರೆ ಮೇಲೆ ಬಿಳಿ ಉಂಟು, ನೋಡಿ."

ಅತ್ತೆ ನೋಡಿದರು. ಮಿಡಿಗಳ ಮೇಲೆ ತೆಳ್ಳಗೆ ಬೂಷ್ಟು ಹಬ್ಬಿತ್ತು, ಒತ್ತಿದರೆ ಮೆತ್ತಗೆ. ಅದು ಬಾಗಿಲ ಬದಿಯ ದೊಡ್ಡ ಭರಣಿಯಿಂದ ತೆಗೆದುಕೊಟ್ಟದ್ದು. ಆ ಭರಣಿಯ ಬಾಯಿ ಬಿಚ್ಚಿದರೆ ಅಲ್ಲಿಯೂ ಅದೇ. ಪೂರ್ತಿ ಹಿತ್ತಿಲ ಗುಂಡಿಗೆ ಹೋಯಿತು. ಅತ್ತೆ ಆ ದಿನ ಊಟ ಮಾಡಲಿಲ್ಲ.

ಸಂಜೆ ಬೇಲಿಯ ಹತ್ತಿರ ಪಕ್ಕದ ಮನೆಯಾಕೆಗೆ ಅವರು ಹೇಳುತ್ತಿದ್ದದ್ದು ನನಗೆ ಒಳಗೇ ಕೇಳಿಸಿತು. "ಇಷ್ಟು ವರ್ಷ ಒಂದು ಮಿಡಿ ಹಾಳಾದ್ದಿಲ್ಲ. ಈಗ ಹೊಸ ಕೈ ತಾಗಿದೆ. ಹೊರಗೆ ಕೂರುವ ದಿನಗಳಲ್ಲಿ ಕೋಣೆಗೆ ಹೋಗಿದ್ದಾಳೋ ಏನೋ, ಯಾರಿಗೆ ಗೊತ್ತು? ಅವಳ ಕೈಗುಣವೇ ಸರಿ ಇಲ್ಲ."

ನಾನು ಹೋಗಿರಲಿಲ್ಲ. ಮುಟ್ಟಿನ ದಿನಗಳಲ್ಲಿ ಚಾವಡಿಯ ಮೂಲೆ ಬಿಟ್ಟು ಅಲುಗಿರಲಿಲ್ಲ. ಆದರೆ ಕೈಗುಣ ಸರಿ ಇಲ್ಲ ಎಂಬ ಮಾತು ಒಮ್ಮೆ ಬೇಲಿ ದಾಟಿದರೆ ಮುಗಿಯಿತು. ಆ ಹೆಣ್ಣು ತೊಟ್ಟಿಲು ತೂಗಿದರೂ, ಬೀಜ ಬಿತ್ತಿದರೂ ಜನ ಕೈಯನ್ನೇ ನೋಡುತ್ತಾರೆ. ಮಾರನೆಯ ದಿನದಿಂದ ಭರಣಿಯ ಕೋಣೆ ನನಗೆ ಬಂದ್ ಆಯಿತು. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು. ನಾನು ಸುಮ್ಮನೆ ಅಳುವ ಜಾತಿಯವಳಲ್ಲ.

ಹೊಸ್ತಿಲ ಹೊರಗೆ ಕೂತು ತರಕಾರಿ ಹೆಚ್ಚುವ ನೆಪದಲ್ಲಿ ಒಳಗೆ ಕಣ್ಣಿಟ್ಟೆ. ಅತ್ತೆ ದಿನಾ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಮಿಂದು, ಮಡಿಯಲ್ಲಿ ಆ ಕೋಣೆಗೆ ಹೋಗುತ್ತಿದ್ದರು. ಬೇಸಗೆಯಲ್ಲಿ ಗಳುವಿನ ಮೇಲೆ ಒಣಗಿದ ಮಡಿಸೀರೆ ಸಿಗುತ್ತಿತ್ತು. ಆ ವರ್ಷದ ಎಡೆಬಿಡದ ಮಳೆಯಲ್ಲಿ ಅದು ಎಲ್ಲಿ ಒಣಗಬೇಕು? ಹಾಗಾಗಿ ಒದ್ದೆ ಸೀರೆಯಲ್ಲೇ ಹೋಗುತ್ತಿದ್ದರು. ಭರಣಿಯ ಮೇಲೆ ಬಗ್ಗಿದಾಗ ಸೆರಗಿನ ತುದಿಯಿಂದ, ತಲೆಗೆ ಕಟ್ಟಿದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಕಣ್ಣಾರೆ ಕಂಡೆ. ಒಣಗಿದ ಸೌಟಿಗಾಗಿ ಅಟ್ಟಕ್ಕೆ ಕೈ ಚಾಚುವ ಅದೇ ಹೆಂಗಸಿಗೆ ತನ್ನ ಮೈಮೇಲಿನ ನೀರು ನೀರೆಂದೇ ಅನ್ನಿಸುತ್ತಿರಲಿಲ್ಲ. ಅದು ಮಡಿ!

ರಾತ್ರಿ ಗಂಡನಿಗೆ ಹೇಳಿದೆ. ಅವರು ನಕ್ಕುಬಿಟ್ಟರು. "ಸುಮ್ಮನಿರು ಮಾರಾಯ್ತಿ. ಮಡಿಯ ನೀರಿಗೆ ಉಪ್ಪಿನಕಾಯಿ ಹಾಳಾಗುದು ಉಂಟಾ? ಅಮ್ಮನ ಹತ್ರ ಹೇಳ್ಬೇಡ, ಮತ್ತೆ ನನಗೂ ಊಟ ಇಲ್ಲ."

ಅಷ್ಟರಲ್ಲಿ ಮಳೆಗಾಲದ ನಡುವಿನ ಆಟಿ ತಿಂಗಳು ಬಂತು. ಹೊಸ ಮದುಮಗಳು ಆಟಿಯಲ್ಲಿ ತವರಿನಲ್ಲಿ ಇರುವುದು ನಮ್ಮ ಕಡೆಯ ಕ್ರಮ. ಕಡಬದಿಂದ ಅಪ್ಪ ಕರೆಯಲು ಬಂದರು. ಹೊರಡುವ ದಿನ ನಾನು ಅತ್ತೆಗೆ ಹೇಳಿದೆ: "ಅತ್ತೆ, ನನ್ನೆದುರೇ ಎಲ್ಲ ಭರಣಿ ಒಮ್ಮೆ ನೋಡಿ, ಹೊಸ ಬಟ್ಟೆ ಕಟ್ಟಿಬಿಡಿ." ಅವರಿಗೆ ನನ್ನ ಮನಸ್ಸಿನಲ್ಲಿದ್ದದ್ದು ಅರ್ಥವಾಯಿತೋ ಇಲ್ಲವೋ, ನೋಡಿದರು, ಕಟ್ಟಿದರು. ಎಲ್ಲವೂ ಚೆನ್ನಾಗಿದ್ದವು.

ತವರಿನಲ್ಲಿ ಆರಾಮವಾಗಿದ್ದೆ. ಹಲಸಿನ ಹಪ್ಪಳ ಸುಟ್ಟು ತಿಂದೆ, ಹೊತ್ತೇರುವವರೆಗೆ ನಿದ್ದೆ ಮಾಡಿದೆ, ತಂಗಿಯರ ಜೊತೆ ಜಗಳವಾಡಿದೆ. ಆದರೆ ದೇವರಿಗೆ ದೀಪ ಇಡುವಾಗ ನಾನು ಬೇಡಿಕೊಂಡದ್ದು ಗಂಡನ ಆಯುಸ್ಸನ್ನಲ್ಲ. ದೇವರೇ, ಒಂದು ಭರಣಿಗೆ ಬೂಷ್ಟು ಬರಲಿ ಎಂದು. ಇಂಥ ಹರಕೆ ಯಾವ ಸೊಸೆಯೂ ಹೊತ್ತಿರಲಿಕ್ಕಿಲ್ಲ.

ಆಟಿ ಕಳೆದು ಬೆಳಿಗ್ಗೆಯ ಮೊದಲ ಬಸ್ಸಿಗೆ ಪುತ್ತೂರಿಗೆ ಬಂದೆ. ಅತ್ತೆ ಭರಣಿಯ ಕೋಣೆಯ ಬಾಗಿಲಲ್ಲಿ ಮಣೆ ಹಾಕಿ ಕೂತಿದ್ದರು. ಎದುರಿಗೆ ಬಾಯಿ ಬಿಚ್ಚಿದ ಭರಣಿ, ಅದರೊಳಗೆ ಬಿಳಿ ಬಿಳಿ. ಅವರು ದಿನಾ ಕೈ ಹಾಕುತ್ತಿದ್ದ ಭರಣಿ ಅದು. ಉಳಿದವು ಕಟ್ಟಿದ ಹಾಗೆಯೇ ಇದ್ದವು. ನನಗೆ ಕುಣಿಯಬೇಕು ಅನ್ನಿಸಬೇಕಿತ್ತು. ಅವರ ಮುಖ ನೋಡಿ ಹಾಗೆ ಅನ್ನಿಸಲಿಲ್ಲ.

"ನೀನು ಇರ್ಲಿಲ್ಲ," ಎಂದರು. "ಮತ್ತೆ ಇದು ಎಂತ ಸಾವು?"

ಮಡಿಯಲ್ಲಿದ್ದವರನ್ನು ಮುಟ್ಟಬಾರದು ಎಂದು ಗೊತ್ತಿದ್ದೂ ಹತ್ತಿರ ಹೋದೆ. ಅವರ ಸೆರಗಿನ ತುದಿಯನ್ನು ಮೆಲ್ಲಗೆ ಎತ್ತಿ ಹಿಂಡಿದೆ. ನೆಲದ ಮೇಲೆ ನೀರು ಬಿತ್ತು. ಅತ್ತೆ ಆ ನೀರನ್ನು ನೋಡಿದರು, ಭರಣಿಯನ್ನು ನೋಡಿದರು, ಎದ್ದು ಹೋದರು. ಬೈಗುಳ ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ.

ಮರುದಿನ ಬೆಳಿಗ್ಗೆ ಮಿಂದು ಬಂದವರು ತಲೆ ಪೂರ್ತಿ ಒರೆಸಿಕೊಂಡು, ಪೆಟ್ಟಿಗೆಯಿಂದ ತಮ್ಮ ಮದುವೆಯ ಪಟ್ಟೆ ಸೀರೆ ತೆಗೆದು ಉಟ್ಟರು. ಪಟ್ಟೆ ರೇಷ್ಮೆಯದ್ದು, ದಿನಾ ಒಗೆಯದೆ ಉಟ್ಟರೂ ಮಡಿಯೇ. ಬುದ್ಧಿವಂತೆ! ನನ್ನನ್ನೂ ಒಳಗೆ ಕರೆದು ಸೌಟು ಕೈಗೆ ಕೊಟ್ಟರು. ಹಳೆಯ ಜರಿಯ ಸೀರೆಯಲ್ಲಿ ಅತ್ತೆ, ಅವರ ಪಕ್ಕದಲ್ಲಿ ನಾನು, ಉಳಿದ ಭರಣಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆವು. ಒಂದಕ್ಕೂ ಬೂಷ್ಟು ಬಂದಿರಲಿಲ್ಲ.

ನಡುವೆ ಅವರು ಯಾವುದಕ್ಕೋ ಹಿತ್ತಿಲಿಗೆ ಹೋದರು. ಬೇಲಿಯಾಚೆಯಿಂದ ಪಕ್ಕದ ಮನೆಯಾಕೆ ನಕ್ಕದ್ದು ಕೇಳಿಸಿತು. "ಎಂತ ಮಾರಾಯ್ರೆ, ಪಟ್ಟೆ ಉಟ್ಟು ಹೊರಟದ್ದು? ಯಾರ ಮದುವೆ?"

"ಮದುವೆ ಅಲ್ಲ," ಅತ್ತೆಯ ಸ್ವರ ಎಂದಿಗಿಂತ ಜೋರಾಗಿತ್ತು. "ಭರಣಿ ಹಾಳಾದ್ದು ನನ್ನ ಒದ್ದೆ ಸೀರೆಯಿಂದ. ಈ ಹುಡುಗಿಯ ಕೈಯಲ್ಲಿ ಏನೂ ದೋಷ ಇಲ್ಲ. ನಾನು ಹೇಳಿದ್ದು ತಪ್ಪು. ಆವತ್ತು ಅದನ್ನು ಯಾರ್ಯಾರಿಗೆ ಹೇಳಿದ್ದೀರೋ, ಅವರಿಗೆಲ್ಲ ಇದನ್ನೂ ಹೇಳಿ."

ನನಗೆ ಅಳು ಉಕ್ಕಿ ಬಂತು. ಎದುರಿಗೆ ಭರಣಿಯ ಬಾಯಿ ತೆರೆದೇ ಇತ್ತು. ಬೇಗ ಬೇಗ ಹಿಂದೆ ಸರಿದು, ಗೋಡೆಗೆ ಮುಖ ಮಾಡಿ ನಿಂತು, ಕಣ್ಣೀರನ್ನು ಹರಿಯಲು ಬಿಟ್ಟೆ.