ಮಗ್ಗ ನಿಂತ ಮಧ್ಯಾಹ್ನ

ಸಂಧಿವಾತಕ್ಕೆ ನನ್ನ ಬೆರಳುಗಳು ಸೊಟ್ಟಗಾಗಿ ಕೆಲವು ವರ್ಷಗಳಾದವು. ಮೌಸು ಹಿಡಿಯಲಾರೆ, ಟೈಪು ಮಾಡಲಾರೆ. ಹಾಗಾಗಿ ಕಂಪ್ಯೂಟರಿಗೆ ಎಲ್ಲವನ್ನೂ ಬಾಯಲ್ಲೇ ಹೇಳುತ್ತೇನೆ. ‘ಕ್ಲಿಕ್’ ಎಂದು ಬಟನ್ನಿನ ಹೆಸರು ಹೇಳಿದರೆ ಅದು ಒತ್ತಿಕೊಳ್ಳುತ್ತದೆ, ‘ಸ್ಕ್ರೋಲ್ ಡೌನ್’ ಎಂದರೆ ಪುಟ ಕೆಳಗಿಳಿಯುತ್ತದೆ. ಅವ್ವನಿಗೆ ಇದು ಭಾರಿ ತಮಾಷೆ. ಈ ಮನೆಯಲ್ಲಿ ತನ್ನ ಮಾತು ಯಾರೂ ಕೇಳುವುದಿಲ್ಲ, ಮಗಳ ಮಾತನ್ನು ಡಬ್ಬಿಯೂ ಕೇಳುತ್ತದೆ ಎಂದು ಬಂದವರ ಮುಂದೆಲ್ಲ ಹೇಳುತ್ತಾಳೆ.

ಕೇಳುತ್ತದೆ ನಿಜ, ಆದರೆ ನಮ್ಮ ಮನೆ ಇರುವುದು ಬನಹಟ್ಟಿಯಲ್ಲಿ. ಗೋಡೆಯಾಚೆ ಕಾಕಾನ ಪಾವರ್‌ಲೂಮುಗಳು, ಎದುರಿಗೆ ಇನ್ನೊಬ್ಬರವು. ಬೆಳಗಾದರೆ ಖಟಾಖಟ್ ಶುರು. ಆ ಸದ್ದಿನಲ್ಲೇ ಹುಟ್ಟಿದ ನಮಗೆ ಅದು ಕೇಳಿಸುವುದೇ ಇಲ್ಲ. ಮೈಕಿಗೆ ಮಾತ್ರ ಅದೊಂದೇ ಕೇಳಿಸುತ್ತದೆ, ನಾನು ಕೇಳಿಸುವುದಿಲ್ಲ. ಕರೆಂಟ್ ಹೋದಾಗ ಓಣಿಯೆಲ್ಲ ಹಿಡಿಶಾಪ ಹಾಕುತ್ತಿದ್ದರೆ ಖುಷಿಯಿಂದ ಲ್ಯಾಪ್‌ಟಾಪ್ ತೆರೆಯುವವಳು ನಾನೊಬ್ಬಳೇ.

ಆ ದಿನ ಕರೆಂಟ್ ಹೋಗಲೇ ಇಲ್ಲ. ನಾನು ಜಮಖಂಡಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ನಮ್ಮಂಥವರು ವರ್ಷ ವರ್ಷವೂ ಯಾವ ಕಾಲೇಜು ಬೇಕೆಂದು ವೆಬ್‌ಸೈಟಿನಲ್ಲಿ ಆರಿಸಿಕೊಳ್ಳಬೇಕು. ಆರಿಸದಿದ್ದವರನ್ನು ಎಲ್ಲಿಗಾದರೂ ಹಾಕುತ್ತಾರೆ. ಬೀಳಗಿಗೆ ಹಾಕಿದರೆ ನನ್ನ ಕಥೆ ಮುಗಿದಂತೆ, ಬಸ್ಸಿನ ಕಂಬಿ ಹಿಡಿದು ಅಷ್ಟು ದೂರ ನಿಲ್ಲುವ ಕೈ ಇದಲ್ಲ. ಹಿಂದಿನ ದಿನಗಳಲ್ಲಿ ಪುಟ ತೆರೆದುಕೊಂಡಿರಲೇ ಇಲ್ಲ. ತೆರೆದದ್ದು ಕೊನೆಯ ದಿನ, ಸಂಜೆ ಐದಕ್ಕೆ ಮುಚ್ಚುತ್ತದೆ.

ಯಾರಿಂದಾದರೂ ಒತ್ತಿಸಬಹುದಿತ್ತಲ್ಲ ಎಂದರೆ, ಹೋದ ವರ್ಷ ಒತ್ತಿಸಿದ್ದೆ. ನೆಟ್ ಅಂಗಡಿಯವನು ಅವಸರದಲ್ಲಿ ನನ್ನ ವಿಷಯವನ್ನೇ ತಪ್ಪು ಒತ್ತಿದ್ದ, ಅದನ್ನು ತಿದ್ದಿಸಲು ಅಲೆದು ಅಲೆದು ನನ್ನ ಚಪ್ಪಲಿ ಸವೆದಿತ್ತು. ನನ್ನ ಕೆಲಸ ನನ್ನ ಬಾಯಿಂದಲೇ ಆಗಲಿ ಎಂಬ ಹಟವೂ ಇತ್ತು, ಅದನ್ನೇಕೆ ಮುಚ್ಚಿಡಲಿ.

ಮೈಕನ್ನು ತುಟಿಗೇ ಹಚ್ಚಿಕೊಂಡು, ಗಂಟಲು ಹರಿಯುವಂತೆ ಕೂಗಿ ಕೂಗಿ ಪಟ್ಟಿಯಲ್ಲಿ ಜಮಖಂಡಿಯನ್ನು ಹಿಡಿದೆ. ಉಳಿದದ್ದು ಕೊನೆಯ ಬಟನ್. ‘ಕ್ಲಿಕ್ ಸಬ್‌ಮಿಟ್’ ಎಂದೆ. ಅದು ಅಲುಗಲಿಲ್ಲ. ಆ ಬಟನ್ನು ಬರೀ ಚಿತ್ರ, ಮಾಡಿದ ಪುಣ್ಯಾತ್ಮ ಅದಕ್ಕೊಂದು ಹೆಸರೇ ಕೊಟ್ಟಿರಲಿಲ್ಲ. ಹೆಸರಿಲ್ಲದ್ದನ್ನು ಕರೆಯುವುದು ಹೇಗೆ? ‘ಶೋ ನಂಬರ್ಸ್’ ಎಂದೆ. ಪುಟದ ಮೇಲಿದ್ದ ಎಲ್ಲಕ್ಕೂ ಅಂಕಿ ಬಂತು, ಅದೊಂದನ್ನು ಬಿಟ್ಟು. ಅಷ್ಟರಲ್ಲಿ ಹೊತ್ತಾಯಿತೆಂದು ಪುಟ ನನ್ನನ್ನೇ ಹೊರಹಾಕಿತು. ಮತ್ತೆ ಮೊದಲಿನಿಂದ ಕೂಗಿ ಜಮಖಂಡಿಯವರೆಗೆ ಬಂದೆ. ಇನ್ನು ಅಂಕಿಯ ಮೇಲೆ ಅಂಕಿ ಹೇಳಿ ಆ ಬಟನ್ ಇದ್ದ ಜಾಗವನ್ನೇ ಹಿಡಿಯಬೇಕು, ಈ ಸದ್ದಿನಲ್ಲಿ ಅದು ಆಗದ ಮಾತು. ಎದೆ ಮಗ್ಗದ ಜೊತೆಗೇ ಬಡಿಯತೊಡಗಿತು. ನಾಲ್ಕು ದಾಟಿತ್ತು.

ನನ್ನ ಮುಖ ನೋಡಿ ಅವ್ವ ಎದ್ದಳು. “ತಡಿ, ನಿಮ್ಮ ಕಾಕಾಗ ಹೇಳಿ ಬರ್ತೀನಿ,” ಎಂದು ಹೋದಳು. ಗೋಡೆಯಾಚೆ ಸದ್ದು ನಿಂತಿತು. ಅಬ್ಬಾ ಎಂದುಕೊಂಡೆ. ಆಮೇಲೆ ಎದುರುಮನೆಯದೂ ನಿಂತಿತು. ಅದರ ಆಚೆಯದು. ನೋಡುನೋಡುತ್ತಲೇ ಓಣಿಗೆ ಓಣಿಯೇ ಸ್ತಬ್ಧವಾಯಿತು.

ನಾವಿಬ್ಬರೂ ಮರೆತದ್ದು ಇದನ್ನೇ. ಹಾಡಹಗಲು, ಕರೆಂಟ್ ಇರುವಾಗ, ಒಂದು ಮನೆಯ ಮಗ್ಗ ನಿಂತರೆ ನಮ್ಮ ಓಣಿಯಲ್ಲಿ ಅದಕ್ಕೆ ಒಂದೇ ಕಾರಣ. ಯಾಕೆಂದು ಯಾರೂ ಕೇಳುವುದಿಲ್ಲ, ತಾವೂ ನಿಲ್ಲಿಸಿ ಹೊರಗೆ ಬರುತ್ತಾರೆ. ಗಂಡಸರು ತಲೆಗೆ ಟವೆಲ್ ಹಾಕಿಕೊಂಡು ಬಂದೇಬಿಟ್ಟರು. ಎದುರುಮನೆಯ ಆಯಿ ಬಾಯಿಗೆ ಸೆರಗು ಒತ್ತಿಕೊಂಡು, “ಯಾರ್ ಹ್ವಾದ್ರಬೇ?” ಎಂದಳು.

“ಯಾರೂ ಹೋಗಿಲ್ರೀ,” ಅವ್ವ ಗಾಬರಿಯಾಗಿ ಹೇಳಿದಳು. “ಈಕಿ ಕಂಪ್ಯೂಟರಕ್ಕ ಹೇಳಾಕತ್ತಾಳ. ಸಪ್ಪಳಿದ್ರ ಅದಕ್ಕ ಕೇಳಂಗಿಲ್ಲ. ಇವತ್ತ ಆಗ್ಲಿಲ್ಲಂದ್ರ ಕೆಲಸ ಹೊಕ್ಕೈತಿ.”

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ದುಡಿಯುವ ಹೊತ್ತಿನಲ್ಲಿ ಇಷ್ಟು ಜನರ ಕೈ ಕಟ್ಟಿಹಾಕಿದ್ದೆ. ಬೈಗುಳ ಕೇಳಲು ತಯಾರಾಗಿ ಕುಳಿತೆ. ಕಾಕಾ ತುಟಿಯ ಮೇಲೆ ಬೆರಳಿಟ್ಟು ಎಲ್ಲರತ್ತ ತಿರುಗಿದ. ಮಗ್ಗದ ಸದ್ದಿನಲ್ಲಿ ಕೂಗಿ ಕೂಗಿ ಮೆಲ್ಲಗೆ ಮಾತಾಡುವುದನ್ನೇ ಮರೆತ ಜನ, ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತರು.

‘ಮೌಸ್ ಗ್ರಿಡ್’ ಎಂದೆ. ಪರದೆಯ ಮೇಲೆ ಒಂಬತ್ತು ಚೌಕ ಮೂಡಿದವು. ಬಟನ್ ಇದ್ದ ಚೌಕದ ಅಂಕಿ ಹೇಳಿದರೆ ಅದರೊಳಗೆ ಮತ್ತೆ ಒಂಬತ್ತು. ಒಂದು ಅಂಕಿ ತಪ್ಪಿದರೆ ಪಕ್ಕದಲ್ಲಿದ್ದ ‘ರದ್ದು’ ಬೀಳುತ್ತಿತ್ತು. ಚೌಕ ಚಿಕ್ಕದಾಗುತ್ತಾ ಆಗುತ್ತಾ ಬಟನ್ನಿನ ಮೇಲೆ ಕುಳಿತಿತು.

‘ಕ್ಲಿಕ್’ ಎಂದೆ. ಪುಟ ತಿರುಗುತ್ತಲೇ ಇತ್ತು. ಆಮೇಲೆ ಹಸಿರು ಗೆರೆಯ ಕೆಳಗೆ ನನ್ನ ಹೆಸರು, ಅದರ ಮುಂದೆ ಜಮಖಂಡಿ.

“ಆತೇನವ್ವಾ?” ಕಾಕಾ ಪಿಸುಗುಟ್ಟಿದ.

“ಆತ್ರೀ ಕಾಕಾ. ತಪ್ಪಾತ್ರಿ, ಎಲ್ಲಾರ ಕೆಲಸ ಕೆಡಿಸಿದ್ನಿ.”

ಆಯಿ ಸೆರಗು ಕೆಳಗೆ ಬಿಟ್ಟಳು. “ಸತ್ತವ್ರ ಸಲುವಾಗಿ ದಿನಗಟ್ಲೆ ನಿಂದರಸ್ತೀವಿ. ಇದ್ದಾಕಿ ಸಲುವಾಗಿ ಒಂದೀಟ ನಿಂದರಸಿದ್ರ ಏನಾತು? ಮುಂದಿನ ವರ್ಷ ಮೊದ್ಲ ಹೇಳು, ನಾ ಬಡಕೊಂಡ ಬರೂದರ ತಪ್ತೈತಿ.”

ಎಲ್ಲರೂ ಹೋದರು. ಮಗ್ಗಗಳು ಒಂದೊಂದಾಗಿ ಶುರುವಾದವು. ಆಗ ನನಗೆ ಅಳು ಬಂತು. ಆ ಸದ್ದಿನಲ್ಲಿ ಅದು ಅವ್ವನಿಗೂ ಕೇಳಿಸಲಿಲ್ಲ.