ಮೊಮ್ಮಗಳ ಮರಿಗೆ ರೆಕ್ಕೆ ಬರಲಿಲ್ಲ

ನಿಮ್ಮ ಮಕ್ಕಳೆಲ್ಲ ನೀವು ಅಂದುಕೊಂಡ ಹಾಗೆಯೇ ಆಗಿದ್ದಾರೆಯೇ? ಸುಳ್ಳು ಹೇಳಬೇಡಿ, ನಾನೂ ತಾಯಿ.

ಪುಣೆಯ ಈ ಮನೆಯಲ್ಲಿ, ಈ ವಯಸ್ಸಿನಲ್ಲಿ, ನಾನು ಇನ್ನೊಂದು ಮರಿ ಸಾಕಿದೆ. ಫೋನಿನ ಆಟದೊಳಗಿನ ಮರಿ, ಮೊಮ್ಮಗಳದು. ಪರೀಕ್ಷೆ ಮುಗಿಯುವ ತನಕ ಆಟ ಬಂದ್ ಎಂದು ಸೊಸೆ ಅಪ್ಪಣೆ ಹೊರಡಿಸಿದ್ದಳು. ಅವಳು ಮಗಳನ್ನು ಈಜಿಗೂ ಅಬ್ಯಾಕಸ್ಸಿಗೂ ಅಟ್ಟುತ್ತಾಳೆ; ಯಾವುದರಿಂದಾದರೂ ರೆಕ್ಕೆ ಮೂಡೀತು ಎಂಬ ಆಸೆ. ನಾನು ಟೈಪ್ ಮಾಡಲು ಕಲಿಯುತ್ತಿದ್ದ ಫೋನಿಗೆ ಮೊಮ್ಮಗಳು ಗುಟ್ಟಾಗಿ ಮರಿಯನ್ನು ಸಾಗಿಸಿದಳು.

"ಅಜ್ಜಿ, ದಿನಾ ಓಡಿಸಿ, ಹಸಿವಾದಾಗಷ್ಟ ತಿನ್ನಿಸಿದ್ರ ಇದಕ್ಕ ರೆಕ್ಕಿ ಬರ್ತಾವ. ಭಾಳ ತಿನ್ನಿಸಿದ್ರ ಬ್ಯಾರೇನೋ ಆಗ್ತದ. ಒಮ್ಮೆ ಆತಂದ್ರ ಹಿಂದ ಬರಂಗಿಲ್ಲ. ರವಿವಾರ ಕೆಳಗಿನ ಮನಿ ಹುಡುಗಿ ಜೋಡಿ ಪಂದ್ಯ ಅದ. ಇದು ಹಾರಲಿಲ್ಲಂದ್ರ ನನ್ನ ಮಾನ ಹೋಗ್ತದ."

"ನನಗ ಕಲಸ್ತೀಯೇನ? ನಿಮ್ಮಪ್ಪನ್ನ ಬೆಳಿಸಿದಾಕಿ ನಾನು," ಎಂದೆ.

ಮರಿಗೆ ಹಣ್ಣು ಕೊಟ್ಟೆ, ತಿಂದಿತು. ಇನ್ನೊಂದು ಕೊಟ್ಟರೆ ಮುಖ ತಿರುಗಿಸಿತು. ನಮ್ಮ ಧಾರವಾಡದ ಕಡೆ ಉಂಡವರು ಎಲೆಗೆ ಕೈ ಅಡ್ಡ ಹಿಡಿದು "ಸಾಕ್ರಿ" ಎಂದಾಗಲೇ ಇನ್ನೊಂದು ಹೋಳಿಗೆ ಬೀಳಬೇಕು. ಮೊದಲ ಸಲಕ್ಕೇ ಬಿಟ್ಟರೆ ಬಡಿಸುವವಳಿಗೆ ಮನಸ್ಸಿಲ್ಲ ಎಂದು ಆಡಿಕೊಳ್ಳುತ್ತಾರೆ. ಮರಿ ಸಂಭಾವಿತ ಮನೆತನದ್ದು, ಸಂಕೋಚ ಪಡುತ್ತಿದೆ ಎಂದುಕೊಂಡು ಮತ್ತೆ ಬಡಿಸಿದೆ. ಉಂಡ ಮೇಲೆ ಯಾರಾದರೂ ಓಡುತ್ತಾರೆಯೇ? ದೀಪ ಆರಿಸಿ ಮಲಗಿಸುತ್ತಿದ್ದೆ.

ಒಂದು ಮಧ್ಯಾಹ್ನ ಫೋನು ಝಗ್ಗನೆ ಬೆಳಗಿತು. ರೆಕ್ಕೆ ಬಂತೆಂದು ಹಿಗ್ಗಿದೆ. ಬೆಳಕು ಇಳಿದಾಗ ಅಲ್ಲಿ ಕುಳಿತಿದ್ದದ್ದು ಕಪ್ಪೆಯಂಥ ಒಂದು ಗುಂಡು ಪ್ರಾಣಿ. ಹೊಟ್ಟೆ ನೆಲಕ್ಕೆ ತಾಗಿತ್ತು, ಕಣ್ಣು ಅರೆಮುಚ್ಚಿತ್ತು.

ಪರೀಕ್ಷೆಗಳೆಲ್ಲ ಮುಗಿದ ಸಂಜೆ ಮೊಮ್ಮಗಳು ಫೋನು ನೋಡಿದಳು.

"ಅಜ್ಜೀ! ರೆಕ್ಕಿ ಎಲ್ಲಿ?" ಕಣ್ಣು ತುಂಬಿಕೊಂಡವು.

"ಹಾರೂದು ಏನ್ ದೊಡ್ಡ ಕೆಲಸ? ಕಾಗಿನೂ ಹಾರ್ತದ. ಇದರ ಮಾರಿ ಮ್ಯಾಲೆ ಎಷ್ಟ್ ಕಳಿ ಅದ ನೋಡು."

ಮಗರಪಟ್ಟಾದ ಆಫೀಸಿನಿಂದ ಬಂದು ಸೋಫಾದ ಮೇಲೆ ಒರಗಿದ್ದ ನನ್ನ ಮಗ, ಹೊಟ್ಟೆಯ ಮೇಲಿಟ್ಟುಕೊಂಡಿದ್ದ ಚುರುಮುರಿ ತಟ್ಟೆ ಅಲುಗಾಡುವಂತೆ ನಕ್ಕ. "ಅವ್ವಾ, ಪಾಪ, ಅದನ್ನ ಏನ್ ಮಾಡಿಟ್ಟೀ?"

"ನೀ ಸುಮ್ನಿರು. ಇನ್ನೊಂದೀಟು ಚುರುಮುರಿ ಹಾಕ್ಲೇನು?"

"ಸಾಕವ್ವ," ಎಂದ. ಹಾಕಿದೆ.

ಮೊಮ್ಮಗಳು ಕಪ್ಪೆಯನ್ನು ನೋಡಿದಳು, ಅಪ್ಪನ ಹೊಟ್ಟೆ ನೋಡಿದಳು, ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಅಪ್ಪಗ ರೆಕ್ಕಿ ಯಾಕ ಬರಲಿಲ್ಲಂತ ಈಗ ಗೊತ್ತಾತು ಬಿಡಜ್ಜಿ."